ಗಿಲೀಟಿನ ಬಣ್ಣ, ಆಕಾಶಗಂಗೆಯ ಚಿತ್ರ

ಎರಡನೇ ಮಹಾಯುದ್ಧ ಮುಗಿಯುತ್ತಾ ಬಂದಿದ್ದ ಕಾಲ. ನ್ಯೂಯಾರ್ಕಿನ 57ನೇ ಬೀದಿಯ ಒಂದು ಗ್ಯಾಲರಿಯಲ್ಲಿ ಇಬ್ಬರು ಗಂಡಸರು ಒಂದೆರಡು ವಿಚಿತ್ರ ಚಿತ್ರಗಳ ಮುಂದೆ ನಿಂತರು. ಒಬ್ಬ ಕ್ಲೆಮೆಂಟ್ ಗ್ರೀನ್‌ಬರ್ಗ್, ಮುಂದೆ ಅಮೆರಿಕದ ಅತಿ ಪ್ರಭಾವಿ ಕಲಾವಿಮರ್ಶಕ ಎನಿಸಿಕೊಂಡವನು. ಇನ್ನೊಬ್ಬ ಜಾಕ್ಸನ್ ಪೊಲಾಕ್. ಬಣ್ಣ ಸುರಿದು, ಚೆಲ್ಲಿ ಮಾಡಿದ ಚಿತ್ರಗಳಿಂದ ಪೊಲಾಕ್ ಜಗದ್ವಿಖ್ಯಾತನಾಗುವುದಕ್ಕೆ ಇನ್ನೂ ಕೆಲವು ವರ್ಷ ಬಾಕಿ ಇತ್ತು. ಇವರ ಮುಂದಿದ್ದ ಚಿತ್ರದಲ್ಲಿ ಮರವಿಲ್ಲ, ನಡುವೆಂಬುದಿಲ್ಲ, ಅಂಚೆಂಬುದೂ ಇಲ್ಲ. ಎಳೆಎಳೆಯಾಗಿ ಹರಿದ ಬಣ್ಣ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಒಂದೇ ಸಮನಾಗಿ ಹಬ್ಬಿಕೊಂಡಿತ್ತು. ತಾವಿಬ್ಬರೂ ಆ ಚಿತ್ರಗಳನ್ನು ಕದ್ದು ನೋಡುವವರ ಹಾಗೆ ನೋಡಿ ಮೆಚ್ಚಿಕೊಂಡೆವೆಂದು ಗ್ರೀನ್‌ಬರ್ಗ್ ಮುಂದೆ ಬರೆದ. ಅವು ತನ್ನ ಮನಸ್ಸಿನಲ್ಲಿ ಉಳಿದವೆಂದು ಪೊಲಾಕ್ ಒಪ್ಪಿಕೊಂಡಿದ್ದನೆಂದೂ ಬರೆದ. ಇಷ್ಟು ಹೇಳಿದವನು ಚಿತ್ರ ಬರೆದಾಕೆಯ ವಿಷಯಕ್ಕೆ ಬಂದಾಗ ಹೆಸರಿನ ಪಕ್ಕ ಒಂದೆರಡು ಪದದ ಗುರುತು ಕೊಟ್ಟು ಮುಗಿಸಿದ: ಬ್ರೂಕ್ಲಿನ್ನಿನ ಒಬ್ಬ ಗೃಹಿಣಿ.

ಆ ಗೃಹಿಣಿಯ ಹೆಸರು ಜಾನೆಟ್ ಸೋಬೆಲ್. ಕಲಾಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕುಂಚ ಹಿಡಿದಾಗ ಆಕೆಗೆ ವಯಸ್ಸು ನಲವತ್ತೈದರ ಆಸುಪಾಸು, ಐದು ಮಕ್ಕಳ ತಾಯಿ, ಮೊಮ್ಮಕ್ಕಳನ್ನೂ ಕಂಡವಳು. ಚಿತ್ರಕಲೆಯ ಪೇಟೆಯಲ್ಲಿ ಆಕೆ ಬೆಳಕಿನಲ್ಲಿದ್ದುದು ಹೆಚ್ಚೆಂದರೆ ಮೂರು ವರ್ಷ.

ಹುಟ್ಟಿದ್ದು 1893ರಲ್ಲಿ, ಅಂದಿನ ರಷ್ಯನ್ ಸಾಮ್ರಾಜ್ಯದ ಎಕಟೆರಿನೊಸ್ಲಾವ್ ಊರಿನ ಬಳಿ. ಇಂದು ಆ ಊರು ಉಕ್ರೇನಿನ ದ್ನಿಪ್ರೊ. ಆಗ ಆಕೆಯ ಹೆಸರು ಜೆನ್ನಿ. ಯಹೂದಿಗಳು ಇಂಥಿಂಥ ಪ್ರಾಂತಗಳಲ್ಲಿ ಮಾತ್ರ ವಾಸಿಸಬೇಕೆಂದು ಜಾರ್ ಚಕ್ರವರ್ತಿಗಳ ಕಾನೂನು ಗೆರೆ ಎಳೆದಿದ್ದ ಕಾಲವದು. ಗೆರೆಯೊಳಗೂ ನೆಮ್ಮದಿಯಿರಲಿಲ್ಲ. ಯಹೂದಿಗಳ ಮನೆ ಅಂಗಡಿಗಳಿಗೆ ನುಗ್ಗಿ ಲೂಟಿ, ಕೊಲೆ ಮಾಡುವ ದೊಂಬಿಗಳು 1905ರಲ್ಲಿ ಸಾಮ್ರಾಜ್ಯದ ದಕ್ಷಿಣದ ಊರೂರಿನಲ್ಲಿ ನಡೆದವು. ಎಕಟೆರಿನೊಸ್ಲಾವ್ ಕೂಡ ಹೊರತಾಗಲಿಲ್ಲ. ಜೆನ್ನಿಯ ತಂದೆ ಬಾರುಖ್ ಇಂಥದೊಂದು ದೊಂಬಿಯಲ್ಲೇ ಸತ್ತ. ತಾಯಿ ಸೂಲಗಿತ್ತಿ. ಮಕ್ಕಳನ್ನು ಕಟ್ಟಿಕೊಂಡು 1908ರಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದಳು. ಜೆನ್ನಿ ಜಾನೆಟ್ ಆದದ್ದು ಈ ದಡದಲ್ಲಿ.

ಬಂದ ಎರಡು ವರ್ಷಕ್ಕೆಲ್ಲ ಮದುವೆ. ಗಂಡ ಮ್ಯಾಕ್ಸ್ ಸೋಬೆಲ್ ಕೂಡ ಅದೇ ಸೀಮೆಯಿಂದ ಬಂದವನು. ಆಮೇಲಿನ ಕಾಲು ಶತಮಾನದ ಬಗ್ಗೆ ಹೇಳಬೇಕಾದ್ದು ನಮ್ಮ ಮನೆಗಳ ಯಾವ ಅಜ್ಜಿಯ ಬಗ್ಗೆಯೂ ಹೇಳಬಹುದಾದ್ದೇ: ಬಸಿರು, ಬಾಣಂತನ, ಅಡುಗೆ, ಮಕ್ಕಳ ಓದು, ಗಂಡನ ವ್ಯಾಪಾರದ ಏರಿಳಿತ. ಮನೆ ಇದ್ದುದು ಬ್ರೂಕ್ಲಿನ್ನಿನ ಬ್ರೈಟನ್ ಬೀಚಿನಲ್ಲಿ, ಕಡಲ ಪಕ್ಕದ ವಲಸಿಗರ ಕೇರಿಯಲ್ಲಿ. ಗಂಡನದು ಗಿಲೀಟು ಒಡವೆಯ ಉದ್ಯಮ. ಈ ಗಿಲೀಟಿನ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಚಿತ್ರ ಬರೆಯಲು ತೊಡಗಿದ್ದು 1930ರ ದಶಕದ ಕೊನೆಯಲ್ಲಿ. ಹೇಗೆ ಎಂಬುದಕ್ಕೆ ಮನೆಯಲ್ಲಿ ಎರಡು ಕಥೆಗಳಿದ್ದವು. ಮಗ ಸೋಲ್ ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದ. ಅವನು ಓದು ಬಿಡುತ್ತೇನೆಂದು ಹಟ ಹಿಡಿದಾಗ ತಾಯಿ ಬೈದಳಂತೆ. ಅಷ್ಟು ಆಸೆಯಿದ್ದರೆ ನೀನೇ ಬರಿ ಎಂದು ಮಗ ರೇಗಿದನಂತೆ, ತಾಯಿ ಬರೆದೇಬಿಟ್ಟಳಂತೆ. ಇನ್ನೊಂದು ಕಥೆಯಲ್ಲಿ ಮಗನ ಚಿತ್ರದ ಮೇಲೆ ಈಕೆ ಸುಮ್ಮನೆ ಗೀಚಿದಳು, ತನ್ನ ಗೆರೆಗಿಂತ ಅಮ್ಮನ ಗೆರೆ ಜೀವಂತವಾಗಿದೆಯೆಂದು ಮಗನಿಗೆ ಹೊಳೆಯಿತು. ಎರಡೂ ಕಥೆಗಳು ಸ್ವಲ್ಪ ಹೆಚ್ಚೇ ಅಂದವಾಗಿವೆ. ದೊಡ್ಡವರಾದವರ ಮೊದಲ ದಿನದ ಕಥೆಗಳೆಲ್ಲ ಹೀಗೇ ನಯವಾಗುತ್ತವೆ. ಮಗ ಅಡ್ಡ ಬರದೆ, ಬಣ್ಣ ಕಾಗದ ತಂದುಕೊಟ್ಟು, ಅಮ್ಮನ ಪರವಾಗಿ ಊರೆಲ್ಲ ಓಡಾಡಿದನೆಂಬುದು ಮಾತ್ರ ಕಥೆಯಲ್ಲ.

ಆಕೆ ಕೈಗೆ ಸಿಕ್ಕಿದ್ದರ ಮೇಲೆಲ್ಲ ಬರೆದಳು: ಲಕೋಟೆಯ ಹಿಂಬದಿ, ರಟ್ಟಿನ ಚೂರು, ಕಡಲತೀರದ ಚಿಪ್ಪು. ಮೊದಮೊದಲ ಚಿತ್ರಗಳು ಅಮೂರ್ತವಲ್ಲ. ದೊಡ್ಡ ಕಣ್ಣಿನ ಹೆಂಗಸರು, ಹೂವಿನ ನಡುವೆ ಅಡಗಿದ ಮುಖಗಳು, ಹಳ್ಳಿಯ ಜನ, ಸಿಪಾಯಿಗಳು, ಫಿರಂಗಿಗಳು. ಉಕ್ರೇನಿನ ಹಳ್ಳಿಗಳ ಕಸೂತಿಯನ್ನು ಕಂಡವರಿಗೆ ಇವುಗಳ ನಂಟು ಬೇಗ ತಿಳಿಯುತ್ತದೆ. ಒಂದು ಬೆರಳಗಲ ಜಾಗವನ್ನೂ ಖಾಲಿ ಬಿಡುವುದಿಲ್ಲ. ಮುಖ ಮುಗಿಯುವಲ್ಲಿ ಎಲೆ, ಎಲೆ ಮುಗಿಯುವಲ್ಲಿ ಚುಕ್ಕಿ. ಈ ತುಂಬುವ ಚಟವೇ ಮುಂದೆ ಆಕೆಯನ್ನು ಅಮೂರ್ತದತ್ತ ಒಯ್ದಿತೆಂದು ಚಿತ್ರಗಳನ್ನು ವರ್ಷದ ಕ್ರಮದಲ್ಲಿ ನೋಡಿದರೆ ಅನಿಸುತ್ತದೆ. ಹಿನ್ನೆಲೆಯ ಬಳ್ಳಿ ಬೆಳೆಯುತ್ತಾ ಹೋಯಿತು. ಒಂದು ದಿನ ಮುಖವನ್ನೇ ನುಂಗಿತು.

ಗುರುವಿಲ್ಲದೆ ಕಲಿತವರನ್ನು ನಾವು ಏಕಲವ್ಯ ಎನ್ನುತ್ತೇವೆ. ಏಕಲವ್ಯನಿಗೆ ಮಣ್ಣಿನ ದ್ರೋಣನಾದರೂ ಇದ್ದ. ಜಾನೆಟ್‌ಗೆ ಇದ್ದುದು ಕೆಲಸ ಮುಗಿದ ಮೇಲಿನ ಮನೆಯ ನೆಲ. ಕ್ಯಾನ್ವಾಸನ್ನು ಅಲ್ಲಿ ಹಾಸಿ, ಎಷ್ಟೋ ಸಲ ತಾನೂ ಬೋರಲು ಮಲಗಿ ಕೆಲಸ ಮಾಡುತ್ತಿದ್ದಳು. ಮುಂಜಾನೆ ಅಂಗಳದಲ್ಲಿ ಬಗ್ಗಿ ಬೆರಳ ಸಂದಿಯಿಂದ ರಂಗೋಲಿ ಪುಡಿ ಬಿಡುವವರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ಕ್ಯಾನ್ವಾಸನ್ನು ಚೌಕಟ್ಟಿಗೆ ಬಿಗಿದು, ನಿಲುಗಂಬಕ್ಕೆ ಒರಗಿಸಿ, ಕಿಟಕಿಯಂತೆ ಎದುರು ನಿಲ್ಲಿಸಿಕೊಂಡೇ ಬರೆಯುತ್ತಾ ಬಂದ ಯುರೋಪಿನ ಪರಂಪರೆಗೆ ಅದು ಸಣ್ಣ ಸಂಗತಿಯಲ್ಲ. ಚಿತ್ರ ನೆಲದಲ್ಲಿದ್ದರೆ ಮೇಲು ಕೆಳಗು ಇಲ್ಲ. ನಾಲ್ಕೂ ಕಡೆಯಿಂದ ಕೈ ಹಾಕಬಹುದು. ಬಣ್ಣ ಸೋರಿ ಕೆಳಗಿಳಿಯುವ ಬದಲು ಬಿದ್ದಲ್ಲೇ ಹರಡುತ್ತದೆ.

ಗಿಲೀಟಿನ ವಿಷಯ ಬರುವುದು ಇಲ್ಲೇ. ಗಂಡನ ಉದ್ಯಮದಲ್ಲಿ ಒಡವೆಗೆ ಹಚ್ಚುವ ಎನಾಮೆಲ್ ಬಣ್ಣ ಮನೆಗೂ ಬರುತ್ತಿತ್ತು. ಕಲಾವಿದರು ಕೊಳ್ಳುವ ಕೊಳವೆಯ ತೈಲವರ್ಣ ಬೆಣ್ಣೆಯಂತೆ ಗಟ್ಟಿ, ಒಣಗಲು ದಿನಗಟ್ಟಲೆ ಬೇಕು. ಎನಾಮೆಲ್ ಹಾಗಲ್ಲ. ತೆಳ್ಳಗೆ ಹರಿಯುತ್ತದೆ, ಎಳೆದಷ್ಟೂ ದಾರವಾಗುತ್ತದೆ, ಹೊಳಪು ಬಿಡದೆ ಬೇಗ ಒಣಗುತ್ತದೆ. ಅದಕ್ಕೆ ಕುಂಚ ಹೊಂದುವುದಿಲ್ಲ. ಜಾನೆಟ್ ಹೊಂದುವ ಸಾಧನಗಳನ್ನು ಮನೆಯಲ್ಲೇ ಹುಡುಕಿಕೊಂಡಳು. ಕಣ್ಣಿಗೆ ಔಷಧ ಬಿಡುವ ಗಾಜಿನ ಕೊಳವೆಯಿಂದ ತೊಟ್ಟು ತೊಟ್ಟಾಗಿ ಬಿಟ್ಟಳು. ಹಸಿ ಬಣ್ಣದ ಮೇಲೆ ಊದಿದಳು. ಕ್ಯಾನ್ವಾಸನ್ನು ಎತ್ತಿ ಓರೆ ಮಾಡಿ ಹರಿಯಬಿಟ್ಟಳು. ಕಸ ಹೀರುವ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಹಿಡಿದು ಬಣ್ಣವನ್ನು ಬೇಕಾದ ಕಡೆಗೆ ಎಳೆದಳು. ಈ ಕೊನೆಯ ಉಪಾಯವನ್ನು ಯಾವ ಕಲಾಶಾಲೆಯ ಮೇಷ್ಟ್ರೂ ಹೇಳಿಕೊಟ್ಟಿರಲಾರ.

ಹೀಗೆ ಬಂದ ಗೆರೆ ಕೈಬರಹದ ಗೆರೆಯಂತಲ್ಲ. ಅರ್ಧ ಆಕೆಯದು, ಅರ್ಧ ಬಣ್ಣದ ತೂಕದ್ದು. ಕೆಲಸ ಮಾಡುವಾಗ ಸಂಗೀತ ಕೇಳುತ್ತಿದ್ದಳು. 1944ರ ಒಂದು ಚಿತ್ರದ ಹೆಸರೇ ‘ಮ್ಯೂಸಿಕ್’. ಅದು ಸಂಗೀತ ರಚನಕಾರ ಶೊಸ್ತಕೋವಿಚ್‌ನ ಸಂಗೀತ ತನ್ನಲ್ಲಿ ಎಬ್ಬಿಸಿದ ಭಾವವೆಂದು ಆಕೆಯೇ ಹೇಳಿಕೊಂಡಿದ್ದಾಳೆ. ಮುತ್ತಿಗೆಯಲ್ಲಿದ್ದ ಲೆನಿನ್‌ಗ್ರಾಡಿಗೆ ಅವನು ಅರ್ಪಿಸಿದ ಏಳನೆಯ ಸಿಂಫನಿಯನ್ನು 1942ರ ಜುಲೈನಲ್ಲಿ ವಾದ್ಯವೃಂದ ನಿರ್ದೇಶಕ ಟಾಸ್ಕನಿನಿ ನ್ಯೂಯಾರ್ಕಿನಿಂದ ರೇಡಿಯೊದಲ್ಲಿ ಬಿತ್ತರಿಸಿದ್ದ. ಆ ವರ್ಷಗಳ ಅಮೆರಿಕದಲ್ಲಿ ಶೊಸ್ತಕೋವಿಚ್ ಮನೆಮಾತು. ಬ್ರೈಟನ್ ಬೀಚಿನ ಮನೆಗಳಲ್ಲಂತೂ ಆ ಯುದ್ಧ ಪತ್ರಿಕೆಯ ಸುದ್ದಿಯಾಗಿರಲಿಲ್ಲ. ಬಿಟ್ಟುಬಂದ ಊರುಗಳ ಬಂಧುಗಳ ಪಾಡಾಗಿತ್ತು.

ಮಗ ಸೋಲ್ ಸುಮ್ಮನೆ ಕೂರಲಿಲ್ಲ. ಚಿತ್ರಕಾರರಾದ ಮಾರ್ಕ್ ಶಗಾಲ್, ಮ್ಯಾಕ್ಸ್ ಅರ್ನ್ಸ್ಟ್, ಸಂಗ್ರಾಹಕ ಸಿಡ್ನಿ ಜಾನಿಸ್, ತತ್ವಜ್ಞಾನಿ ಜಾನ್ ಡ್ಯೂಯಿ ಹೀಗೆ ಹೆಸರಿದ್ದವರಿಗೆಲ್ಲ ಪತ್ರ ಬರೆದ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ಅವರಿಗೆ ಪಾಠ ಹೇಳಿದ ಅದೇ ಡ್ಯೂಯಿ. ಆಗ ಎಂಬತ್ತು ದಾಟಿದ ಮುದುಕ. ಕಲೆಯೆಂಬುದು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯೊಳಗಿನ ವಸ್ತುವಲ್ಲ, ದಿನದ ಬದುಕಿನ ಅನುಭವ ಹದಗೊಂಡ ರೂಪವೆಂದು 1934ರಲ್ಲೇ ಪುಸ್ತಕ ಬರೆದಿದ್ದವನು. ಮನೆಯ ನೆಲದ ಮೇಲೆ ಚಿತ್ರ ಬರೆದ ಹೆಂಗಸು ಅವನ ವಾದಕ್ಕೆ ನಡೆದುಬಂದ ಸಾಕ್ಷಿಯಂತೆ ಕಂಡಿರಬೇಕು. 1944ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಪ್ಯೂಮಾ ಗ್ಯಾಲರಿಯಲ್ಲಿ ಆಕೆಯ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದಾಗ ಕ್ಯಾಟಲಾಗಿಗೆ ಡ್ಯೂಯಿ ನಾಲ್ಕು ಮಾತು ಬರೆದುಕೊಟ್ಟ. ಬ್ರೂಕ್ಲಿನ್ನಿನ ಪತ್ರಿಕೆಗೆ ಮಾತ್ರ ಸುದ್ದಿಯಾದದ್ದು ನಮ್ಮ ಪೇಟೆಯ ಒಬ್ಬ ಅಜ್ಜಿ ಸರ್ರಿಯಲಿಸ್ಟ್ ಆದಳು ಎನ್ನುವುದೇ.

ಅಜ್ಜಿ, ಗೃಹಿಣಿ. ಈ ಪದಗಳನ್ನು ಬರಿಯ ಅಸಡ್ಡೆಯೆಂದು ತಳ್ಳಿಹಾಕಿದರೆ ಆ ಕಾಲ ಅರ್ಥವಾಗುವುದಿಲ್ಲ. ಆಗಿನ ನ್ಯೂಯಾರ್ಕಿನಲ್ಲಿ ಅವು ಪ್ರವೇಶದ ಚೀಟಿಯೂ ಆಗಿದ್ದವು. ತಾವೇ ಕಲಿತ ಚಿತ್ರಕಾರರಿಗೆ ಒಂದು ದೊಡ್ಡ ಗಿರಾಕಿಯೇ ಹುಟ್ಟಿಕೊಂಡಿತ್ತು. ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1938ರಲ್ಲೇ ಇಂಥವರ ಪ್ರದರ್ಶನ ಮಾಡಿತು. ಗ್ರ್ಯಾಂಡ್‌ಮಾ ಮೋಸೆಸ್ ಎಂದು ಹೆಸರಾದ ಎಂಬತ್ತರ ಮುದುಕಿಯ ಮೊದಲ ಪ್ರದರ್ಶನಕ್ಕೆ 1940ರಲ್ಲಿ ಗ್ಯಾಲರಿಯವರು ಇಟ್ಟ ಹೆಸರಿನಲ್ಲಿ ಆಕೆಯ ಹೆಸರೇ ಇರಲಿಲ್ಲ, ಬೇಸಾಯಗಾರನ ಹೆಂಡತಿ ಬರೆದ ಚಿತ್ರಗಳು ಎಂದಷ್ಟೇ ಇತ್ತು. ಸಿಡ್ನಿ ಜಾನಿಸ್ 1942ರಲ್ಲಿ ಸ್ವಯಂಕಲಿತರ ಬಗ್ಗೆಯೇ ಒಂದು ಪುಸ್ತಕ ತಂದ. ಮರುವರ್ಷ ಮಾಡರ್ನ್ ಆರ್ಟ್ ಮ್ಯೂಸಿಯಂ ಚಪ್ಪಲಿ ತಯಾರಕನಾಗಿದ್ದ ಬ್ರೂಕ್ಲಿನ್ನಿನ ಮಾರಿಸ್ ಹರ್ಷ್‌ಫೀಲ್ಡ್‌ಗೆ ಇಡೀ ಪ್ರದರ್ಶನ ಬಿಟ್ಟುಕೊಟ್ಟು ಪತ್ರಿಕೆಗಳಿಂದ ಬೈಸಿಕೊಂಡಿತು. ಅದೇ ವರ್ಷ ನಿರ್ದೇಶಕ ಆಲ್ಫ್ರೆಡ್ ಬಾರ್ ಹುದ್ದೆ ಕಳೆದುಕೊಂಡ.

ಈ ಗಿರಾಕಿಗೆ ಒಂದು ಅಲಿಖಿತ ಷರತ್ತಿತ್ತು. ಸ್ವಯಂಕಲಿತರು ಹಿಮ ಬಿದ್ದ ಹಳ್ಳಿ, ಗಾಡಿ, ಹುಲಿ, ಹೂಕುಂಡ ಬರೆಯಬೇಕು. ಅಮೂರ್ತ ಚಿತ್ರವೆಂದರೆ ಪ್ಯಾರಿಸ್ಸು, ತತ್ವ, ವಾದವಿವಾದ ಎಲ್ಲ ಅರೆದು ಕುಡಿದವರ ಸೊತ್ತು. ಜಾನೆಟ್ ಆ ಗೆರೆ ದಾಟಿದಳು. ಜಾನಿಸ್‌ಗೆ ಇದು ತಿಳಿಯಿತು. 1944ರಲ್ಲಿ ಅಮೆರಿಕದ ಅಮೂರ್ತ ಮತ್ತು ಸರ್ರಿಯಲಿಸ್ಟ್ ಕಲೆಯ ಬಗ್ಗೆ ಅವನು ತಂದ ಪುಸ್ತಕದಲ್ಲಿ, ಪ್ರದರ್ಶನದಲ್ಲಿ ಪೊಲಾಕ್, ರಾತ್ಕೊ ಮೊದಲಾದವರ ಜತೆ ಆಕೆಗೂ ಜಾಗ ಸಿಕ್ಕಿತು. ಪೆಗ್ಗಿ ಗುಗೆನ್‌ಹೈಮ್ ತನ್ನ ‘ಆರ್ಟ್ ಆಫ್ ದಿಸ್ ಸೆಂಚುರಿ’ ಗ್ಯಾಲರಿಯಲ್ಲಿ 1945ರಲ್ಲಿ ಮಹಿಳೆಯರ ಪ್ರದರ್ಶನಕ್ಕೆ ಆಕೆಯನ್ನು ಸೇರಿಸಿಕೊಂಡಳು. 1946ರ ಜನವರಿಯಲ್ಲಿ ಏಕವ್ಯಕ್ತಿ ಪ್ರದರ್ಶನವನ್ನೇ ಮಾಡಿದಳು. ಅದಕ್ಕೆ ಮುನ್ನುಡಿ ಜಾನಿಸ್‌ನದು. ಪೊಲಾಕ್‌ನ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದದ್ದೂ ಇದೇ ಗ್ಯಾಲರಿಯಲ್ಲಿ, 1943ರಲ್ಲಿ. ಗ್ರೀನ್‌ಬರ್ಗ್ ಮತ್ತು ಪೊಲಾಕ್ ಕದ್ದು ನೋಡಿದ್ದೂ ಇಲ್ಲೇ. ಅದು 1944ರಲ್ಲಿ ಎಂದು ಗ್ರೀನ್‌ಬರ್ಗ್ ನೆನಪಿನಿಂದ ಬರೆದಿದ್ದಾನೆ. ಪೆಗ್ಗಿಯ ಪ್ರದರ್ಶನಗಳ ವರ್ಷ ನೋಡಿದರೆ ಅವನ ನೆನಪು ಒಂದು ವರ್ಷ ಹಿಂದೆ ಸರಿದಿತ್ತೇನೋ.

1945ರ ‘ಮಿಲ್ಕಿ ವೇ’ ಆಕೆಯ ಅತಿ ಪ್ರಸಿದ್ಧ ಚಿತ್ರ. ಎತ್ತರ 114 ಸೆಂಟಿಮೀಟರು, ಅಗಲ 76ಕ್ಕೆ ಒಂದಿಷ್ಟು ಕಡಿಮೆ. ಕ್ಯಾನ್ವಾಸಿನ ಮೇಲೆ ಎನಾಮೆಲ್. ತಿಳಿ ಬಣ್ಣಗಳು ಮಡುಗಟ್ಟಿ, ಒಂದರೊಳಗೊಂದು ಹಬ್ಬಿವೆ. ಮೇಲೆ ಜೇಡನ ನೂಲಿನಂಥ ಎಳೆಗಳು ಸುತ್ತಿ ಸುಳಿದು ಓಡುತ್ತವೆ. ಹತ್ತಿರ ಹೋದರೆ ಎಳೆಗಳು, ದೂರ ನಿಂತರೆ ಮಂಜು. ಆಕಾಶಗಂಗೆಯೆಂಬ ಹೆಸರು ಚಿತ್ರಕ್ಕೆ ಒಪ್ಪುತ್ತದೆ. ಎರಡು ವರ್ಷದ ಮೇಲೆ, 1947ರಲ್ಲಿ, ಪೊಲಾಕ್ ಬಣ್ಣ ಚೆಲ್ಲಿ ಮಾಡಿದ ಮೊದಮೊದಲ ಚಿತ್ರಗಳಲ್ಲಿ ಒಂದರ ಹೆಸರು ‘ಗ್ಯಾಲಕ್ಸಿ’.

ಹಾಗಾದರೆ ಪೊಲಾಕ್ ಕದ್ದನೇ? ಈಚೆಗೆ ಜಾನೆಟ್ ಬಗ್ಗೆ ಬರೆಯುವವರಲ್ಲಿ ಹೌದೆಂದು ತೀರ್ಪು ಕೊಡುವ ಆತುರ ಕಾಣುತ್ತದೆ. ವಿಷಯ ಅಷ್ಟು ಸಲೀಸಲ್ಲ. 1936ರಲ್ಲೇ ನ್ಯೂಯಾರ್ಕಿನಲ್ಲಿ ಮೆಕ್ಸಿಕೊದ ಚಿತ್ರಕಾರ ಸಿಕ್ವೇರೊಸ್ ನಡೆಸಿದ ಕಾರ್ಯಾಗಾರದಲ್ಲಿ ಕೈಗಾರಿಕಾ ಬಣ್ಣಗಳನ್ನು ಸುರಿಯುವ, ಎರಚುವ ಪ್ರಯೋಗ ನಡೆದಿತ್ತು, ಅಲ್ಲಿ ಪೊಲಾಕ್ ಇದ್ದ. ಮ್ಯಾಕ್ಸ್ ಅರ್ನ್ಸ್ಟ್ ತೂತು ಕೊರೆದ ಡಬ್ಬಿಯನ್ನು ದಾರಕ್ಕೆ ಕಟ್ಟಿ ತೂಗಾಡಿಸಿ ಬಣ್ಣ ಚೆಲ್ಲಿದ್ದ. ಚಿತ್ರವನ್ನು ಅಂಚಿನಿಂದ ಅಂಚಿಗೆ ಒಂದೇ ಸಮ ತುಂಬುವ ಗುಣ ಪೆಗ್ಗಿಯ ಮನೆಗೆಂದು ಪೊಲಾಕ್ ಬರೆದ ದೊಡ್ಡ ಭಿತ್ತಿಚಿತ್ರದಲ್ಲಿ ಮೊದಲೇ ಇತ್ತೆಂದು ಗ್ರೀನ್‌ಬರ್ಗನೇ ವಾದಿಸುತ್ತಾನೆ. ಎಲ್ಲ ಒಪ್ಪಬಹುದು. ಆದರೂ ತೊಟ್ಟಿಕ್ಕಿಸುವುದು ಮತ್ತು ಇಡೀ ಹಾಸನ್ನು ತುಂಬುವುದು, ಇವೆರಡನ್ನೂ ಒಂದೇ ಕ್ಯಾನ್ವಾಸಿನಲ್ಲಿ ಕೂಡಿಸಿ, ಪೊಲಾಕ್‌ನ ಕಣ್ಣಮುಂದೆ ಗೋಡೆಗೆ ತೂಗುಹಾಕಿದ್ದು ಜಾನೆಟ್‌ಳ ಚಿತ್ರ. ಅಂಥ ಪರಿಣಾಮವನ್ನು ತಾನು ಮೊದಲು ಕಂಡದ್ದು ಆಕೆಯಲ್ಲೆಂದು ಹೇಳಿದವನೂ ಗ್ರೀನ್‌ಬರ್ಗನೇ. 1955ರಲ್ಲಿ ಮೊದಲು ಅಚ್ಚಾಗಿ, 1961ರ ಅವನ ಸಂಕಲನದಲ್ಲಿ ತಿದ್ದುಪಡಿಗೊಂಡು ಬಂದ ಪ್ರಬಂಧದಲ್ಲಿ ಈ ಮಾತುಗಳಿವೆ. ಸಾಲ ಒಪ್ಪಿಕೊಳ್ಳುವ ಸಾಲಿನಲ್ಲೇ ಸಾಲ ಕೊಟ್ಟವಳನ್ನು ‘ಪ್ರಿಮಿಟಿವ್’ ಎಂದು ಕರೆದು, ಈಗಲೂ ಬ್ರೂಕ್ಲಿನ್ನಿನಲ್ಲಿ ಮನೆ ನೋಡಿಕೊಂಡಿದ್ದಾಳೆ ಎಂಬ ಅರ್ಥ ಬರುವಂತೆ ಬರೆದು ಅವನು ಮುಂದೆ ಸಾಗುತ್ತಾನೆ. ಆಕೆ ಬ್ರೂಕ್ಲಿನ್ ಬಿಟ್ಟು ಎಷ್ಟೋ ವರ್ಷವಾಗಿತ್ತು.

1946ರ ಪ್ರದರ್ಶನವಾದ ಸ್ವಲ್ಪ ದಿನಕ್ಕೆ ಕುಟುಂಬ ನ್ಯೂಜೆರ್ಸಿಯ ಪ್ಲೇನ್‌ಫೀಲ್ಡಿಗೆ ಸಾಗಿತು. ಆಕೆ ಕಾರು ಓಡಿಸುವವಳಲ್ಲ, ನ್ಯೂಯಾರ್ಕಿನ ಗ್ಯಾಲರಿಗಳು ಇದ್ದಕ್ಕಿದ್ದಂತೆ ದೂರವಾದವು. 1947ರಲ್ಲಿ ಪೆಗ್ಗಿ ಗ್ಯಾಲರಿ ಮುಚ್ಚಿ ಯುರೋಪಿಗೆ ಮರಳಿ, ಮುಂದೆ ವೆನಿಸ್ಸಿನಲ್ಲಿ ನೆಲೆಸಿದಳು. ಇದೆಲ್ಲಕ್ಕಿಂತ ಕ್ರೂರವಾದದ್ದು ಇನ್ನೊಂದು: ಬಣ್ಣವೇ ಆಕೆಗೆ ಒಗ್ಗದಾಯಿತು. ಬಣ್ಣದಲ್ಲಿನ ಯಾವುದೋ ಅಂಶಕ್ಕೆ ಅಲರ್ಜಿ. ಎನಾಮೆಲ್ ದೂರವಿಟ್ಟು ಬಳಪ, ಪೆನ್ಸಿಲ್ಲುಗಳಿಗೆ ಇಳಿಯಬೇಕಾಯಿತು. ಚಿತ್ರ ಪೂರ್ತಿ ನಿಂತಿತೆಂದಲ್ಲ. 1948ರ ‘ಹಿರೋಶಿಮಾ’ ಇಂದು ಅರ್ಕಾನ್ಸಾದ ಕ್ರಿಸ್ಟಲ್ ಬ್ರಿಜಸ್ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ನೋಡುವ ಕಣ್ಣು ಆಗ ಯಾರಿಗೂ ಇರಲಿಲ್ಲ ಅಷ್ಟೆ.

ಅತ್ತ ಪೊಲಾಕ್ 1945ರ ಕೊನೆಗೆ ಪೆಗ್ಗಿಯಿಂದ 2,000 ಡಾಲರ್ ಕೈಗಡ ಪಡೆದು ಲಾಂಗ್ ಐಲೆಂಡಿನ ಸ್ಪ್ರಿಂಗ್ಸ್ ಹಳ್ಳಿಯಲ್ಲಿ ಮನೆ ಕೊಂಡಿದ್ದ. ಮನೆಗೊಂದು ಹಳೆಯ ಕೊಟ್ಟಿಗೆಯಿತ್ತು. ಅದರ ನೆಲದ ಮೇಲೆ ಹಾಸಿದ ಕ್ಯಾನ್ವಾಸಿನ ಸುತ್ತ ಅವನು ಕುಣಿದಾಡಿದಂತೆ ಕೆಲಸ ಮಾಡಿದ. 1949ರ ಆಗಸ್ಟಿನಲ್ಲಿ ಲೈಫ್ ಪತ್ರಿಕೆ ಅವನ ಬಗ್ಗೆ, ಇವನು ಅಮೆರಿಕದ ಬದುಕಿರುವ ಶ್ರೇಷ್ಠ ಚಿತ್ರಕಾರನೇ ಎಂದು ಕೇಳಿತು. ಮರುವರ್ಷ ಹಾನ್ಸ್ ನಾಮುತ್ ತೆಗೆದ ಫೋಟೊಗಳಲ್ಲಿ ಸಿಗರೇಟು ಕಚ್ಚಿ, ಡಬ್ಬಿ ಹಿಡಿದು, ಕೋಲಿನಿಂದ ಬಣ್ಣ ಚಿಮ್ಮಿಸುವ ಪೊಲಾಕ್ ಇದ್ದಾನೆ. ಅವನ ‘ಒನ್: ನಂಬರ್ 31, 1950’ ಅಗಲ 5.3 ಮೀಟರು, ಎತ್ತರ 2.7 ಮೀಟರು. ಕೊಟ್ಟಿಗೆಯಲ್ಲಲ್ಲದೆ ಅದು ಹುಟ್ಟುವಂತಿರಲಿಲ್ಲ. ‘ಮಿಲ್ಕಿ ವೇ’ಯನ್ನು ಒಬ್ಬರೇ ಕಂಕುಳಲ್ಲಿ ಹಿಡಿದು ಮನೆ ಬಾಗಿಲು ದಾಟಿಸಬಹುದು. ಇಬ್ಬರ ಚಿತ್ರಗಳ ಅಂತರದಲ್ಲಿ ಪ್ರತಿಭೆಯ ಮಾತು ಎಷ್ಟೋ, ಕೋಣೆಯ ಅಳತೆಯ ಮಾತೂ ಅಷ್ಟೇ ಇದೆ. ಜಾನೆಟ್‌ಳ ಪ್ರದರ್ಶನಕ್ಕೆ ಮುನ್ನುಡಿ ಬರೆದಿದ್ದ ಸಿಡ್ನಿ ಜಾನಿಸ್ 1948ರಲ್ಲಿ ತನ್ನದೇ ಗ್ಯಾಲರಿ ತೆರೆದ. 1952ರಲ್ಲಿ ಪೊಲಾಕ್ ಆ ಗ್ಯಾಲರಿ ಸೇರಿದ.

ಪೊಲಾಕ್ 1956ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಅವನ ಬೇರುಗಳನ್ನು ಕೆದಕಲು ಹೊರಟ ವಿದ್ವಾಂಸರಿಂದಲೇ ಜಾನೆಟ್‌ಳ ಹೆಸರು ಮತ್ತೆ ಮೇಲೆ ಬಂದದ್ದು. ವಿಲಿಯಂ ರೂಬಿನ್ 1967ರಲ್ಲಿ ಪೊಲಾಕ್ ಮತ್ತು ಆಧುನಿಕ ಪರಂಪರೆಯ ಬಗ್ಗೆ ಸರಣಿ ಲೇಖನ ಬರೆಯುವ ಹೊತ್ತಿಗೆ ಆಕೆಯ ಚಿತ್ರಗಳನ್ನು ಹುಡುಕಿಕೊಂಡು ಹೋದ. ಅದರ ಫಲವಾಗಿ ‘ಮಿಲ್ಕಿ ವೇ’ 1968ರಲ್ಲಿ ಕುಟುಂಬದ ಕೊಡುಗೆಯಾಗಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸೇರಿತು. ಅದೇ ವರ್ಷ ಪ್ಲೇನ್‌ಫೀಲ್ಡಿನಲ್ಲಿ ಜಾನೆಟ್ ತೀರಿಕೊಂಡಳು. ಮ್ಯೂಸಿಯಮ್ಮಿಗೆ ಆಕೆ ಹೋದದ್ದು ಪೊಲಾಕ್ ಕಥೆಯ ಅಡಿಟಿಪ್ಪಣಿಯಾಗಿ. ಆ ಅಡಿಟಿಪ್ಪಣಿಯಿಂದ ಈಚೆ ಬರಲು ಇನ್ನೂ ಮೂರೂವರೆ ದಶಕ ಹಿಡಿಯಿತು. 2002ರಲ್ಲಿ ನ್ಯೂಯಾರ್ಕಿನ ಒಂದು ಗ್ಯಾಲರಿ ಆಕೆಯದೇ ಪ್ರದರ್ಶನ ಮಾಡಿತು. ಬದುಕಿದ್ದಾಗ ಕಡೆಗಣಿಸಿದವರಿಗೆ ತಡವಾಗಿ ಶ್ರದ್ಧಾಂಜಲಿ ಬರೆಯುವ ನ್ಯೂಯಾರ್ಕ್ ಟೈಮ್ಸ್ ಮಾಲಿಕೆಯಲ್ಲಿ 2021ರಲ್ಲಿ ಆಕೆಯ ಸರದಿ ಬಂತು. 2024ರಲ್ಲಿ ಹ್ಯೂಸ್ಟನ್ನಿನ ಮೆನಿಲ್ ಕಲೆಕ್ಷನ್ ಆಕೆಯ ಅಮೂರ್ತ ಚಿತ್ರಗಳನ್ನು ಒಂದೆಡೆ ಕೂಡಿಸಿತು.

ಅದಕ್ಕೂ ಮುಂಚೆ, 2023ರಲ್ಲಿ, ನ್ಯೂಯಾರ್ಕಿನ ಉಕ್ರೇನಿಯನ್ ಮ್ಯೂಸಿಯಂ ಆಕೆಯ ಯುದ್ಧಕಾಲದ ಚಿತ್ರಗಳನ್ನು ಮಾತ್ರ ಆರಿಸಿ ತೂಗುಹಾಕಿತ್ತು. ಬ್ರೈಟನ್ ಬೀಚಿನ ಮನೆಯಲ್ಲಿ ಕೂತು ಬರೆದ ಸಿಪಾಯಿಗಳು, ಫಿರಂಗಿ ಮೂತಿಗಳು, ಅವುಗಳ ಸಂದಿನಲ್ಲಿ ತುರುಕಿದಂತೆ ಹೂಗಳು, ಹೂಗಳೊಳಗಿಂದ ದಿಟ್ಟಿಸುವ ದೊಡ್ಡ ಕಣ್ಣುಗಳು. ಆ ವರ್ಷದ ಜನವರಿಯಲ್ಲಿ ದ್ನಿಪ್ರೊದ ಒಂದು ವಸತಿ ಕಟ್ಟಡದ ಮೇಲೆ ರಷ್ಯದ ಕ್ಷಿಪಣಿ ಬಿದ್ದಿತ್ತು.